ನೆಲನೆಲ್ಲಿ ಎರಡು

ಮಟ್ಟುಗುಳ್ಳ ಕೊಳ್ಳುವಾಗ ನೀವು ಏನು ನೋಡುತ್ತೀರಿ? ಬಣ್ಣ ನೋಡುತ್ತೀರಿ. ಮೈಮೇಲಿನ ಗೆರೆ ನೋಡುತ್ತೀರಿ. ಆಮೇಲೆ ತೊಟ್ಟು ಹಿಡಿದು ನೋಡುತ್ತೀರಿ. ತೊಟ್ಟಿನಲ್ಲಿ ಸಣ್ಣ ಮುಳ್ಳು ಉಂಟಾ, ಇಲ್ಲವಾ? ಬೇರೆ ಊರಿನ ಬದನೆ ತಂದು "ಇದು ಮಟ್ಟುವಿನದ್ದೇ" ಎಂದರೆ ಕಾಪು, ಕಟಪಾಡಿಯ ಹೆಂಗಸರು ನಂಬುತ್ತಾರಾ? ನಂಬುವುದಿಲ್ಲ.

ಬೂತಾಯಿ ಯಾವುದು, ಬಂಗುಡೆ ಯಾವುದು ಎಂದು ಕತ್ತಲಲ್ಲಿ ಬುಟ್ಟಿಗೆ ಕೈ ಹಾಕಿ ಹೇಳುವವರು ನೀವು. ಬೂತಾಯಿಯ ಮೈಯಲ್ಲಿ ಚಿಪ್ಪು ಕೈಗೆ ತಾಗುತ್ತದೆ. ಬಂಗುಡೆ ನುಣ್ಣಗೆ ಜಾರುತ್ತದೆ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರಿಗೆ ಮಲ್ಲಿಗೆಯ ನಡುವೆ ಒಂದು ಜಾಜಿ ಮೊಗ್ಗು ಸೇರಿದರೂ ಗೊತ್ತಾಗುತ್ತದೆ.

ಈಗ ಒಂದು ಪ್ರಶ್ನೆ. ನಿಮ್ಮ ಅಂಗಳದಲ್ಲಿ ಎಷ್ಟು ಬಗೆಯ ನೆಲನೆಲ್ಲಿ ಉಂಟು?

"ಎಷ್ಟು ಬಗೆ ಅಂದರೆ ಎಂತದು? ನೆಲನೆಲ್ಲಿ ಅಂದರೆ ನೆಲನೆಲ್ಲಿ" ಎಂದು ಹೆಚ್ಚಿನವರು ಹೇಳುತ್ತಾರೆ. ಹಾಗಲ್ಲ ಅಕ್ಕ. ಒಮ್ಮೆ ಹೊರಗೆ ಹೋಗಿ ನೋಡಿ ಬನ್ನಿ.

ಮಳೆ ಶುರುವಾಗಿ ಹತ್ತು ಹದಿನೈದು ದಿನ ಆದರೆ ಸಾಕು. ತುಳಸಿಕಟ್ಟೆಯ ಬದಿಯಲ್ಲಿ, ಬಾವಿಯ ಹತ್ತಿರ, ತೆಂಗಿನ ಬುಡದಲ್ಲಿ, ಗದ್ದೆಯ ಹುಣಿಯಲ್ಲಿ ಈ ಗಿಡ ಏಳುತ್ತದೆ. ಎತ್ತರ ಒಂದು ಗೇಣು. ಮಣ್ಣು ಒಳ್ಳೆಯದಿದ್ದರೆ ಎರಡು ಗೇಣು. ಎಲೆ ಸಣ್ಣದು. ಸಣ್ಣ ಸಣ್ಣ ರೆಂಬೆಯ ಎರಡೂ ಕಡೆ ಸಾಲಾಗಿ ಎಲೆ ಇರುತ್ತದೆ. ನೋಡಲು ನೆಲ್ಲಿ ಮರದ ಸೊಪ್ಪಿನ ಹಾಗೆ. ಅದಕ್ಕೇ ಈ ಹೆಸರು. ಕಿರುನೆಲ್ಲಿ ಎಂದೂ ಹೇಳುತ್ತಾರೆ. ಹೆಸರು ಸುಮ್ಮನೆ ಇಟ್ಟದ್ದಲ್ಲ. ಉಪ್ಪಿನಕಾಯಿ ಹಾಕುವ ನೆಲ್ಲಿಯ ಮರ ಮತ್ತು ಈ ಗೇಣುದ್ದದ ಗಿಡ ಒಂದೇ ಕುಲದವು.

ಇದರ ಹೂವನ್ನು ನೋಡಿದವರು ಕಡಿಮೆ. ಹೂ ಎಲೆಯ ಅಡಿಯಲ್ಲಿ ಇರುತ್ತದೆ. ಅಷ್ಟು ಸಣ್ಣದು. ರೆಂಬೆಯನ್ನು ಮಗುಚಿ ಹಿಡಿದರೆ ಮಾತ್ರ ಕಾಣುತ್ತದೆ. ಬಿಳಿ ಮತ್ತು ಹಸಿರು ಸೇರಿದ ಬಣ್ಣ. ಹೂವಿನ ಜೊತೆಗೇ ಕಾಯಿಯೂ ಇರುತ್ತದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಕಾಯಿ.

ಈ ಗಿಡದಲ್ಲಿ ಹತ್ತಿರದ ನಂಟಿನ ಎರಡು ಜಾತಿ ನಮ್ಮ ಕಡೆ ಉಂಟು. ಒಂದು ನೆಲನೆಲ್ಲಿ. ಇನ್ನೊಂದು ಕೆಂಪು ನೆಲನೆಲ್ಲಿ. ಒಂದೇ ಅಂಗಳದಲ್ಲಿ, ಒಂದರ ಪಕ್ಕದಲ್ಲಿ ಒಂದು ಬೆಳೆಯುತ್ತವೆ. ಅಕ್ಕತಂಗಿಯರ ಹಾಗೆ. ದೂರದಿಂದ ಯಾರು ಅಕ್ಕ, ಯಾರು ತಂಗಿ ಎಂದು ಗೊತ್ತಾಗುವುದಿಲ್ಲ.

ಗೊತ್ತಾಗದಿದ್ದರೆ ಏನಾಯಿತು ಎಂದು ನೀವು ಕೇಳಬಹುದು. ಒಂದು ಮನೆಯನ್ನು ಎಣಿಸಿಕೊಳ್ಳಿ. ಸೊಸೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಅತ್ತೆ ಅಂಗಳದಿಂದ ಒಂದು ಹಿಡಿ ಗಿಡ ಕಿತ್ತು ತಂದರು.

"ಇದನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡು ಮಗಳೇ. ಅವನ ಕಣ್ಣು ನಿನ್ನೆಯಿಂದ ಅರಸಿನ ಆಗಿದೆ."

"ಮಾಮಿ, ಇದರಲ್ಲಿ ಎರಡು ಬಗೆಯ ಗಿಡ ಉಂಟಲ್ಲ?"

"ಎಂತ ಎರಡು ಬಗೆ? ನನ್ನ ಅಮ್ಮ ಇದನ್ನೇ ಕೊಡುತ್ತಿದ್ದರು."

"ಅಮ್ಮ ಕೊಡುತ್ತಿದ್ದದ್ದು ಇದಾ, ಅದಾ? ಇಲ್ಲಿ ನೋಡಿ. ಇದರ ಕಾಯಿ ನೇತಾಡುತ್ತದೆ. ಇದರದ್ದು ಕಡ್ಡಿಗೆ ಅಂಟಿಕೊಂಡಿದೆ."

ಅತ್ತೆ ಕನ್ನಡಕ ತಂದು ಹಾಕಿಕೊಂಡರು. ಎರಡನ್ನೂ ಬೆಳಕಿಗೆ ಹಿಡಿದರು. "ಹೌದಲ್ಲ ಮಾರಾಯ್ತಿ!" ಎಂದರು. ಐವತ್ತು ವರ್ಷದಿಂದ ಆ ಗಿಡ ಕೀಳುತ್ತಿದ್ದ ಕೈ ಅದು.

ಆ ಸೊಸೆ ನೋಡಿದ್ದು ಸರಿಯಾದ ಗುರುತು. ಅದನ್ನೇ ನಾವೂ ಕಲಿಯೋಣ.

ಮೊದಲು ನೆಲನೆಲ್ಲಿ. ಒಂದು ರೆಂಬೆ ಮುರಿದು ಮಗುಚಿ ಹಿಡಿಯಿರಿ. ಎಲೆಯ ಬುಡದಿಂದ ನೂಲಿನಂಥ ಒಂದು ತೊಟ್ಟು ಇಳಿದಿರುತ್ತದೆ. ಅದರ ತುದಿಯಲ್ಲಿ ಕಾಯಿ ನೇತಾಡುತ್ತದೆ. ಕಿವಿಗೆ ಹಾಕಿದ ಲೋಲಾಕಿನ ಹಾಗೆ. ಕಾಯಿ ನುಣ್ಣಗೆ ಇರುತ್ತದೆ, ಬಂಗುಡೆಯ ಮೈಯ ಹಾಗೆ.

ಈಗ ಕೆಂಪು ನೆಲನೆಲ್ಲಿ. ಇದರ ರೆಂಬೆಯನ್ನೂ ಮಗುಚಿ. ಕಾಯಿಗೆ ತೊಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ. ಕಾಯಿ ರೆಂಬೆಗೆ ಒತ್ತಿ ಕೂತಿರುತ್ತದೆ. ಇದು ಲೋಲಾಕು ಅಲ್ಲ, ಕಿವಿಗೆ ಒತ್ತಿ ಹಾಕಿದ ಬೆಂಡೋಲೆ. ಕಾಯಿಯ ಮೈ ನುಣ್ಣಗಿಲ್ಲ. ಸಣ್ಣ ಸಣ್ಣ ಗುಳ್ಳೆ ಎದ್ದು ಒರಟಾಗಿರುತ್ತದೆ. ಬೂತಾಯಿಯ ಚಿಪ್ಪಿನ ಹಾಗೆ.

ಇಷ್ಟು ಗೊತ್ತಾದರೆ ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಮುಗಿಯಿತು. ಉಳಿದ ಗುರುತುಗಳು ಇದಕ್ಕೆ ಸಾಕ್ಷಿ ಹೇಳಲು ಮಾತ್ರ.

ಬಣ್ಣವನ್ನು ನಂಬಬೇಡಿ. ಹೆಸರೇ ಕೆಂಪು ನೆಲನೆಲ್ಲಿ. ಅದರ ಕಾಂಡ ಕೆಂಪು ಹೌದು. ಆದರೆ ಬಿಸಿಲಿನಲ್ಲಿ ಬೆಳೆದ ನೆಲನೆಲ್ಲಿಯ ಕಾಂಡವೂ ಬುಡದಲ್ಲಿ ಕೆಲವೊಮ್ಮೆ ಕೆಂಪಾಗುತ್ತದೆ. ನೆರಳಿನಲ್ಲಿ ಬೆಳೆದ ಕೆಂಪು ನೆಲನೆಲ್ಲಿ ಹಸಿರಾಗಿ ಕಾಣುವುದೂ ಉಂಟು. ಸಂಜೆ ಎಲೆ ಮಡಚುವುದನ್ನೂ ಗುರುತು ಮಾಡಿಕೊಳ್ಳಬೇಡಿ. ಈ ಕುಲದ ಗಿಡಗಳಲ್ಲಿ ಆ ಗುಣ ಸಾಮಾನ್ಯ. ರುಚಿ ನೋಡಿ ಹೇಳುತ್ತೇನೆ ಎನ್ನುವವರು ಇದ್ದಾರೆ. ಅದೂ ಬೇಡ.

ಎಲೆಯನ್ನು ನೋಡಬಹುದು. ನೆಲನೆಲ್ಲಿಯ ಎಲೆಯ ತುದಿ ದುಂಡಗೆ. ಕೆಂಪು ನೆಲನೆಲ್ಲಿಯ ಎಲೆಯ ತುದಿಯಲ್ಲಿ ಸೂಜಿಯ ಮೊನೆಯಂಥ ಒಂದು ಚುಕ್ಕೆ ಮುಂದಕ್ಕೆ ಬಂದಿರುತ್ತದೆ. ಅದರ ಅಂಚಿನಲ್ಲಿ ತೀರ ಸಣ್ಣ ರೋಮ ಇರುತ್ತದೆ.

ಹೂವಿನಲ್ಲಿಯೂ ವ್ಯತ್ಯಾಸ ಉಂಟು. ಸೌತೆ, ಕುಂಬಳ, ಹೀರೆ ಬೆಳೆಸುವವರಿಗೆ ಗೊತ್ತು. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂ ಮಾತ್ರ ಕಾಯಿ ಆಗುತ್ತದೆ. ಈ ಗಿಡಗಳಲ್ಲಿಯೂ ಹಾಗೆಯೇ. ನೆಲನೆಲ್ಲಿಯಲ್ಲಿ ಹೆಚ್ಚಾಗಿ ಒಂದೇ ಎಲೆಯ ಬುಡದಲ್ಲಿ ಒಂದು ಗಂಡು ಹೂ, ಒಂದು ಹೆಣ್ಣು ಹೂ ಜೊತೆಯಾಗಿ ಇರುತ್ತವೆ. ಕೆಂಪು ನೆಲನೆಲ್ಲಿಯಲ್ಲಿ ಹಾಗಲ್ಲ. ಗಂಡು ಹೂಗಳೆಲ್ಲ ರೆಂಬೆಯ ತುದಿಯ ಕಡೆಗೆ. ಹೆಣ್ಣು ಹೂಗಳು ಬುಡದ ಕಡೆಗೆ. ಹಾಗಾಗಿ ಅದರ ಕಾಯಿಗಳು ರೆಂಬೆಯ ಬುಡದ ಕಡೆಗೇ ಸಾಲಾಗಿ ಕಾಣುತ್ತವೆ. ಹೂವಿನ ಎಸಳು ಎಣಿಸಿದರೆ ನೆಲನೆಲ್ಲಿಗೆ 5, ಕೆಂಪು ನೆಲನೆಲ್ಲಿಗೆ 6. ಇದನ್ನು ಎಣಿಸಲು ಭೂತಗನ್ನಡಿ ಬೇಕು.

ಭೂತಗನ್ನಡಿ ಸಿಕ್ಕಿದರೆ ಬೀಜವನ್ನೂ ನೋಡಿ. ನೋಡಲೇಬೇಕಾದ್ದು ಅದು. ಒಂದು ಕಾಯಿಯ ಒಳಗೆ 6 ಬೀಜ. ಕಿತ್ತಳೆಯ ತೊಳೆಯನ್ನು ಇರುವೆಗೆಂದು ಮಾಡಿಟ್ಟ ಹಾಗೆ. ನೆಲನೆಲ್ಲಿಯ ಬೀಜದ ಮೇಲೆ ಉದ್ದಕ್ಕೆ ಗೆರೆಗಳು, ಹೀರೆಕಾಯಿಯ ಏಣಿನ ಹಾಗೆ. ಕೆಂಪು ನೆಲನೆಲ್ಲಿಯ ಬೀಜದ ಮೇಲೆ ಅಡ್ಡಕ್ಕೆ ಗೆರೆಗಳು, ಏಣಿಯ ಮೆಟ್ಟಿಲಿನ ಹಾಗೆ. ಇಲ್ಲಿ ಮೋಸ ಇಲ್ಲ. ಬಣ್ಣ ಬದಲಾಗಬಹುದು, ಬೀಜದ ಗೆರೆ ಬದಲಾಗುವುದಿಲ್ಲ.

ಗಿಡಗಳ ಪಂಡಿತರು ನೋಡುವುದೂ ಇವನ್ನೇ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಕಲಿಸುತ್ತಿದ್ದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ನಮ್ಮ ಊರುಗಳ ಗಿಡಮರಗಳನ್ನು ಹುಡುಕಿ, ಗುರುತಿಸಿ, 'ಫ್ಲೋರಾ ಆಫ್ ಉಡುಪಿ' ಎಂಬ ದೊಡ್ಡ ಪುಸ್ತಕ ಬರೆದರು. ಅದು 2003ರಲ್ಲಿ ಬಂತು. ಅಂಥವರೂ ಗಿಡವನ್ನು ಗುರುತಿಸುವುದು ಹೂ, ಕಾಯಿ, ಬೀಜಗಳನ್ನು ನೋಡಿಯೇ.

ಪಂಡಿತರು ನೆಲನೆಲ್ಲಿಯನ್ನು ಫಿಲಾಂಥಸ್ ಅಮಾರಸ್ ಎಂದು ಕರೆಯುತ್ತಾರೆ. ಕೆಂಪು ನೆಲನೆಲ್ಲಿಯನ್ನು ಫಿಲಾಂಥಸ್ ಯುರಿನೇರಿಯ ಎನ್ನುತ್ತಾರೆ. ಓದಲು ಸ್ವಲ್ಪ ಕಷ್ಟ. ನಿಧಾನವಾಗಿ ಓದಿ. ಫಿಲಾಂಥಸ್ ಎಂದರೆ ಎಲೆಹೂ. ಅಮಾರಸ್ ಎಂದರೆ ಕಹಿ. ಮದ್ದಿನ ಬಾಟಲಿಯ ಮೇಲೆ ಭೂಮ್ಯಾಮಲಕಿ ಎಂಬ ಸಂಸ್ಕೃತ ಹೆಸರೂ ಇರುತ್ತದೆ. ಅದರ ಅರ್ಥವೂ ನೆಲದ ನೆಲ್ಲಿಯೇ.

ಎರಡು ಗಿಡ ಬೇರೆ ಬೇರೆ ಎಂದು ಹಿರಿಯರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಸುಮಾರು 350 ವರ್ಷದ ಹಿಂದೆ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಎಂಬವನು ಮಲಬಾರಿನ ಗಿಡಗಳ ಬಗ್ಗೆ ಪುಸ್ತಕ ಮಾಡಿಸಿದ. ಅದರ ಹೆಸರು 'ಹೋರ್ಟಸ್ ಮಲಬಾರಿಕಸ್'. 12 ಸಂಪುಟಗಳು. ಅವನಿಗೆ ಗಿಡಗಳ ಗುಣ ಹೇಳಿಕೊಟ್ಟವರು ನಮ್ಮವರೇ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಅವರ ಜೊತೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. 1690ರಲ್ಲಿ ಬಂದ ಹತ್ತನೆಯ ಸಂಪುಟದಲ್ಲಿ ಎರಡು ಚಿತ್ರ ಅಕ್ಕಪಕ್ಕದಲ್ಲಿ ಉಂಟು. ಒಂದರ ಹೆಸರು ಕಿರುಗನೆಲ್ಲಿ. ಇನ್ನೊಂದು ಚೆರು ಕಿರುಗನೆಲ್ಲಿ. ಮೊದಲನೆಯದು ನಮ್ಮ ನೆಲನೆಲ್ಲಿ, ಎರಡನೆಯದು ಕೆಂಪು ನೆಲನೆಲ್ಲಿ. ನಮ್ಮ ಕಿರುನೆಲ್ಲಿ ಎಂಬ ಮಾತು ಅಲ್ಲಿಯೂ ಕೇಳುತ್ತದೆ ನೋಡಿ.

ಹಿರಿಯ ವೈದ್ಯರು ಬೇರೆ ಮಾಡಿದ್ದನ್ನು ಈಗಿನ ಪೇಟೆ ಕೂಡಿಸುತ್ತದೆ. ಬೆಂಗಳೂರಿನ ವಿಜ್ಞಾನಿಗಳು ದಕ್ಷಿಣ ಭಾರತದ 25 ಅಂಗಡಿಗಳಿಂದ ಒಣ ನೆಲನೆಲ್ಲಿ ತಂದು ಪರೀಕ್ಷೆ ಮಾಡಿದರು. ಅದರ ವರದಿ 2010ರಲ್ಲಿ ಬಂತು. ನೂರರಲ್ಲಿ 76 ಪಾಲು ಮಾದರಿಗಳಲ್ಲಿ ಇದ್ದದ್ದು ಹೆಚ್ಚಾಗಿ ನಿಜವಾದ ನೆಲನೆಲ್ಲಿ. ಉಳಿದ 24 ಪಾಲಿನಲ್ಲಿ ಅದೇ ಕುಲದ ಬೇರೆ 5 ಜಾತಿಯ ಗಿಡಗಳು ಇದ್ದವು. ಕೆಂಪು ನೆಲನೆಲ್ಲಿಯೂ ಅದರಲ್ಲಿ ಒಂದು. ಕಿತ್ತು ತರುವವರು ನೋಡಿ ಕೀಳಲಿಲ್ಲ. ಕೊಂಡವರು ನೋಡಿ ಕೊಳ್ಳಲಿಲ್ಲ. ಕುಡಿದವರು ಏನು ಕುಡಿದೆವು ಎಂದು ತಿಳಿಯದೆ ಕುಡಿದರು.

ಸರಿಯಾದ ಗಿಡವನ್ನೇ ಕಿತ್ತು ಕೊಟ್ಟರೆ ಕಾಮಾಲೆ ಗುಣವಾಗುತ್ತದಾ? ಇದು ಮುಖ್ಯ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಕಾಮಾಲೆಯನ್ನು ನಾವು ಅರಸಿನ ಮುಂಡಿಗೆ ಎಂದೂ ಹೇಳುತ್ತೇವೆ. ಕಣ್ಣು ಹಳದಿ, ಮೂತ್ರ ಹಳದಿ. ಆದರೆ ಅಕ್ಕ, ಹಳದಿ ಎಂಬುದು ರೋಗ ಅಲ್ಲ. ಅದು ರೋಗದ ಗುರುತು. ಹೊಗೆ ಕಂಡರೆ ಬೆಂಕಿ ಉಂಟು ಎಂದು ಗೊತ್ತಾಗುತ್ತದೆ. ಬೆಂಕಿ ಒಲೆಯದ್ದಾ, ಹುಲ್ಲಿನ ಮೆದೆಯದ್ದಾ ಎಂದು ಹೋಗಿಯೇ ನೋಡಬೇಕು. ಹಳದಿಯೂ ಹಾಗೆ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಒಂದು. ರಕ್ತದ ಮೂಲಕ ಬರುವುದು ಇನ್ನೊಂದು. ಹೆಂಡ ಕುಡಿದು ಪಿತ್ತಜನಕಾಂಗ ಕೆಟ್ಟು ಬರುವುದು ಮತ್ತೊಂದು. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿದರೂ ಕಣ್ಣು ಹಳದಿ. ಇಲಿಜ್ವರದಲ್ಲಿಯೂ ಹಳದಿ.

ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ಗಿಡ ಅರೆದು ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ. ಇಳಿದ ಮೇಲೆ ಹೆಸರು ಗಿಡಕ್ಕೆ ಬರುತ್ತದೆ. ಗಿಡದ ಮೇಲಿನ ನಮ್ಮ ನಂಬಿಕೆ ಬೆಳೆದದ್ದು ಬಹಳ ಮಟ್ಟಿಗೆ ಹೀಗೆ.

ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡದೆ ಬಿಡಲಿಲ್ಲ. ರಕ್ತದ ಮೂಲಕ ಬರುವ ಕಾಮಾಲೆಯ ವೈರಸ್ಸಿಗೆ ಹೆಪಟೈಟಿಸ್ ಬಿ ಎಂದು ಹೆಸರು. ಅದನ್ನು ಕಂಡುಹಿಡಿದ ಅಮೆರಿಕದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂದಿತ್ತು. ಅವರೂ ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಜೊತೆಯವರೂ ಸೇರಿ, ಮೈಯಲ್ಲಿ ಈ ವೈರಸ್ ಇದ್ದವರಿಗೆ ನೆಲನೆಲ್ಲಿಯ ಪುಡಿ ಕೊಟ್ಟು ನೋಡಿದರು. 1988ರಲ್ಲಿ ಫಲ ಪ್ರಕಟವಾಯಿತು. ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಬರೀ ಹುಸಿಮದ್ದು ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಎಲ್ಲರೂ ಹಿಗ್ಗಿದರು. ಆದರೆ ಆಮೇಲೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಕೊಟ್ಟು ನೋಡಿದಾಗ ಅಂಥ ಫಲ ಸಿಗಲಿಲ್ಲ. ಗಿಡದ ಜಾತಿ ಬದಲಾದರೆ ಫಲ ಬದಲಾಗುತ್ತದೆಯೇ ಎಂದು ವಿಜ್ಞಾನಿಗಳೂ ತಲೆ ಕೆಡಿಸಿಕೊಂಡರು. ಕಾಮಾಲೆಗೆ ಇದೇ ಮದ್ದು ಎಂದು ಗಟ್ಟಿಯಾಗಿ ಹೇಳುವಷ್ಟು ಸಾಕ್ಷಿ ಈವರೆಗೆ ಸಿಕ್ಕಿಲ್ಲ. ಹೆಪಟೈಟಿಸ್ ಬಿ ಬಾರದ ಹಾಗೆ ತಡೆಯಲು ಲಸಿಕೆ ಉಂಟು. ಮಗು ಹುಟ್ಟಿದ 24 ಗಂಟೆಯ ಒಳಗೆ ಅದನ್ನು ಹಾಕಿಸಬೇಕು.

ಈಗ ಆ ಮನೆಗೆ ವಾಪಸು ಹೋಗೋಣ. ಗಿಡ ಎರಡು ಬಗೆ ಎಂದು ಗೊತ್ತಾದಾಗ ಅತ್ತೆಗೆ ಒಂದು ಅನುಮಾನ ಹುಟ್ಟಿತು.

"ಹಾಗಾದರೆ ಇವನಿಗೆ ಬಂದ ಅರಸಿನ ಯಾವುದು ಎಂದು ಹೇಗೆ ಗೊತ್ತಾಗುವುದು?"

"ರಕ್ತ ನೋಡಿದರೆ ಗೊತ್ತಾಗುತ್ತದೆ ಮಾಮಿ. ಅವರಿಗೆ ನಾಲ್ಕು ದಿನದಿಂದ ಜ್ವರ ಉಂಟು. ಮೀನಖಂಡ ಮುಟ್ಟಲಿಕ್ಕೆ ಬಿಡುವುದಿಲ್ಲ, ಅಷ್ಟು ನೋವು. ಕಣ್ಣು ಕೆಂಪೂ ಆಗಿತ್ತು."

"ಗದ್ದೆಗೆ ಇಳಿದಿದ್ದಾನಲ್ಲ ಕಳೆದ ವಾರ?"

"ಹೌದು. ಕಾಲಿನಲ್ಲಿ ಗಾಯ ಬೇರೆ."

ಅದೇ ಸಂಜೆ ರಿಕ್ಷಾ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಲಿಜ್ವರ ಎಂದು ಗೊತ್ತಾಯಿತು.

ಇಲಿಜ್ವರ ನಮ್ಮ ಉಡುಪಿ ಜಿಲ್ಲೆಗೆ ಹೊಸತಲ್ಲ. ಮಳೆಗಾಲದಲ್ಲಿ ಗದ್ದೆಯ ನೀರಿಗೆ, ತೋಡಿನ ನೀರಿಗೆ ಇಲಿಯ ಮೂತ್ರ ಸೇರುತ್ತದೆ. ಕಾಲಿನ ಗಾಯದಿಂದ, ಒಡೆದ ಹಿಮ್ಮಡಿಯಿಂದ ರೋಗಾಣು ಮೈಗೆ ಹೋಗುತ್ತದೆ. ಬೇಗ ಹೋದರೆ ಇದಕ್ಕೆ ಒಳ್ಳೆಯ ಮದ್ದು ಉಂಟು. ತಡ ಮಾಡಿದರೆ ಮೂತ್ರಪಿಂಡ ಕೆಡುತ್ತದೆ, ಜೀವವೇ ಹೋಗಬಹುದು. ನಾಟಿಗೆ ಹೋಗುವವರು ನೀವು, ಕಳೆ ತೆಗೆಯುವವರು ನೀವು. ನಿಮಗೂ ಇದು ಬರುತ್ತದೆ. ಆ ಮನೆಯಲ್ಲಿ ಗಿಡ ಅರೆದು ಕೊಟ್ಟು ಏಳು ದಿನ ಕಾದಿದ್ದರೆ? ಎಣಿಸಿದರೆ ಹೆದರಿಕೆ ಆಗುತ್ತದೆ.

ಬಸುರಿ ಹೆಂಗಸಿನ ಕಣ್ಣು ಹಳದಿಯಾದರೆ ಒಂದು ದಿನವೂ ಕಾಯಬೇಡಿ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಇ ಎಂಬ ಕಾಮಾಲೆ ಬೇರೆಯವರಿಗೆ ಸುಮ್ಮನೆ ಬಂದು ಹೋಗಬಹುದು. ಬಸುರಿಯರಿಗೆ ಅದು ಬಹಳ ಕೆಟ್ಟದ್ದು. ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರರಲ್ಲಿ 20ರಿಂದ 25 ಜನ ತೀರಿಹೋಗುತ್ತಾರೆ. ಅವರಿಗೆ ಯಾವ ನೆಲನೆಲ್ಲಿಯೂ ಬೇಡ. ಆಶಾ ಕಾರ್ಯಕರ್ತೆಗೆ ಹೇಳಿ ಕೂಡಲೇ ಆಸ್ಪತ್ರೆಗೆ ಹೋಗಿ. ಊಟವನ್ನೂ ಬಿಡಿಸಬೇಡಿ. ಪಥ್ಯ, ಪಥ್ಯ ಎಂದು ಗಂಜಿ ನೀರಿನಲ್ಲೇ ಇಟ್ಟರೆ ಕಾಯಿಲೆಯವರು ಇನ್ನೂ ಬಳಲುತ್ತಾರೆ.

ಮನೆಯಲ್ಲಿ ಯಾರಾದರೂ ನೆಲನೆಲ್ಲಿ ತಿಂದಿದ್ದರೆ ಡಾಕ್ಟರರಿಗೆ ಹೇಳಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರಂತೂ ಹೇಳಲೇಬೇಕು. ಸಾಧ್ಯವಾದರೆ ಗಿಡವನ್ನೇ ಒಯ್ದು ತೋರಿಸಿ. ಮಲ್ಲಿಗೆ ಗಿಡದ ಬುಡದಲ್ಲಿ ಬೆಳೆದ ನೆಲನೆಲ್ಲಿಯನ್ನು ಬಾಯಿಗೆ ಹಾಕಬೇಡಿ. ಮಲ್ಲಿಗೆಗೆ ಹುಳದ ಮದ್ದು ಬಿಡುತ್ತೇವೆ. ಅದು ಬುಡದ ಹುಲ್ಲು, ಗಿಡದ ಮೇಲೂ ಬಿದ್ದಿರುತ್ತದೆ.

ಈಗ ಕೆಲಸ. ಮಳೆ ಸ್ವಲ್ಪ ಬಿಟ್ಟಾಗ ಎರಡು ನೆಲನೆಲ್ಲಿ ಗಿಡಗಳನ್ನು ಬೇರು ಸಮೇತ ಕಿತ್ತು ತನ್ನಿ. ಮಣ್ಣು ತೊಳೆಯಿರಿ. ರೆಂಬೆ ಮಗುಚಿ ತೊಟ್ಟು ನೋಡಿ. ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದು ಪಕ್ಕದ ಮನೆಯವರಿಗೆ ತೋರಿಸಿ, ಅವರು ಏನು ಹೇಳುತ್ತಾರೆ ಕೇಳಿ. ಆಮೇಲೆ ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ಅರೆಯುವ ಕಲ್ಲಿನಂಥ ಭಾರ ಹೇರಿ. ಪೇಪರು ಒದ್ದೆಯಾದರೆ ಬದಲಿಸಿ. ಎಂಟು ಹತ್ತು ದಿನದಲ್ಲಿ ಒಣಗುತ್ತದೆ. ನೋಟು ಪುಸ್ತಕದಲ್ಲಿ ಅಂಟಿಸಿ. ಪ್ರತಿಯೊಂದರ ಕೆಳಗೆ ಅದರ ಹೆಸರು, ಸಿಕ್ಕಿದ ಜಾಗ, ಸಿಕ್ಕಿದ ದಿನ ಬರೆಯಿರಿ. ನಿಮ್ಮ ಹೆಸರನ್ನೂ ಬರೆಯಿರಿ.

ಒಣಗಿದ ಮೇಲೆ ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಅಂಗಡಿಯ ಕಟ್ಟಿನಲ್ಲಿ ಬರುವುದೂ ಹೀಗೆಯೇ. ಕಾಯಿ ಒಡೆದು ಬೀಜ ಉದುರಿರಬಹುದು. ಆದರೂ ನೆಲನೆಲ್ಲಿಯ ರೆಂಬೆಯ ಅಡಿಯಲ್ಲಿ ಕೂದಲಿನಂಥ ತೊಟ್ಟುಗಳು ಉಳಿದಿರುತ್ತವೆ. ಬೆರಳಿನಿಂದ ಮೆಲ್ಲಗೆ ಸವರಿ ನೋಡಿ.